ಜಾರುವ ನೆಲಕ್ಕೆ ಉಕ್ಕಿನ ಹಲ್ಲು

ಮಂಜುಗಡ್ಡೆ ಏಕೆ ಜಾರುತ್ತದೆ ಎಂದು ಕೇಳಿ ನೋಡಿ. ಓದಿಕೊಂಡವರು ತಡಮಾಡದೆ ಹೇಳುತ್ತಾರೆ: ಮೇಲಿನಿಂದ ಒತ್ತಡ ಬಿದ್ದಾಗ ಗಡ್ಡೆ ಕರಗುತ್ತದೆ, ಆ ತೆಳುವಾದ ನೀರಿನ ಮೇಲೆ ಜಾರುತ್ತೇವೆ. ಶಾಲೆಯಲ್ಲಿ ಕಲಿತದ್ದು, ಪರೀಕ್ಷೆಯಲ್ಲಿ ಬರೆದು ಅಂಕ ಪಡೆದದ್ದು, ಬಿಡುವುದು ಕಷ್ಟ. ಈ ಉತ್ತರ ಕಿವಿಗೆ ಬಿದ್ದಾಗಲೆಲ್ಲ ನನಗೆ ಎಟಿವಿಯ (ಕಾಡುಮೇಡು, ಕೆಸರು, ಹಿಮದಲ್ಲೂ ಓಡಾಡಲು ಮಾಡಿದ, ಹ್ಯಾಂಡಲಿರುವ ಪುಟ್ಟ ಬಂಡಿ) ಟೈರಿಗೆ ಸುತ್ತಿದ ಸರಪಳಿ ನೆನಪಾಗುತ್ತದೆ. ಅಗಲವಾದ ಮೆತ್ತನೆಯ ಟೈರು ನೆಲದ ಮೇಲೆಲ್ಲ ಹರಡಿಕೊಂಡಿದ್ದ ಭಾರವನ್ನು ಕೆಲವೇ ಉಕ್ಕಿನ ಕೊಂಡಿಗಳ ಮೇಲೆ ತಂದು ಹೇರುವುದೇ ಸರಪಳಿಯ ಕೆಲಸ. ಅಂದರೆ ಅದು ಒತ್ತಡವನ್ನು ಹೆಚ್ಚಿಸುತ್ತದೆ. ಒತ್ತಡದಿಂದ ಕರಗಿ ಜಾರುವುದು ನಿಜವಾಗಿದ್ದರೆ ಸರಪಳಿ ಕಟ್ಟಿದ ಬಂಡಿ ಮೊದಲಿಗಿಂತ ಹೆಚ್ಚು ಜಾರಬೇಕಿತ್ತು. ಆಗುವುದು ಅದಕ್ಕೆ ತದ್ವಿರುದ್ಧ. ನೂರು ವರ್ಷಕ್ಕೂ ಹಳೆಯ ಈ ಸರಪಳಿ, ಪಠ್ಯಪುಸ್ತಕದ ಉತ್ತರಕ್ಕೆ ಎದುರು ಸಾಕ್ಷಿ ನುಡಿಯುತ್ತಲೇ ಬಂದಿದೆ. ಕೇಳಿಸಿಕೊಂಡವರು ಕಡಿಮೆ.

ಹಾಗೆಂದು ಆ ಉತ್ತರ ಶುದ್ಧ ಸುಳ್ಳೂ ಅಲ್ಲ. ಒತ್ತಡ ಹೇರಿದರೆ ಮಂಜುಗಡ್ಡೆಯ ಕರಗುವ ಬಿಂದು ಕೆಳಗಿಳಿಯುತ್ತದೆ ಎಂದು 1849ರಲ್ಲಿ ಜೇಮ್ಸ್ ಥಾಮ್ಸನ್ ಲೆಕ್ಕ ಹಾಕಿ ಹೇಳಿದರು. ಮರುವರ್ಷ ಅವರ ತಮ್ಮ ವಿಲಿಯಂ, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು, ಪ್ರಯೋಗ ಮಾಡಿ ಅದನ್ನು ತೋರಿಸಿಯೂಬಿಟ್ಟರು. ಎಡವಟ್ಟಾದದ್ದು ಆಮೇಲೆ, ಸ್ಕೇಟಿಂಗ್ ಮಾಡುವವರು ಜಾರುವುದಕ್ಕೂ ಇದೇ ಕಾರಣವೆಂದು ಜನ ನಂಬಿದಾಗ. ಕರಗುವ ಬಿಂದುವನ್ನು ಒಂದೇ ಒಂದು ಡಿಗ್ರಿ ಇಳಿಸಲು ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 135 ಪಟ್ಟು ಒತ್ತಡ ಬೇಕು. ಸ್ಕೇಟಿನ ಅಲಗಿನಿಂದ ಅಷ್ಟು ಒತ್ತಡ ಸಿಗುವುದೇ ಕಷ್ಟ. ಸಿಕ್ಕರೂ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿನವರೆಗೆ ಸಾಕಾದೀತು. ಆದರೆ ಜನ ಸೊನ್ನೆಗಿಂತ ಹತ್ತು, ಹದಿನೈದು ಡಿಗ್ರಿ ಕೆಳಗೂ ಆರಾಮವಾಗಿ ಜಾರುತ್ತಾರೆ, ಜಾರಿ ಬೀಳುತ್ತಾರೆ.

ಇದೇ 1850ರಲ್ಲಿ ಮೈಕೆಲ್ ಫ್ಯಾರಡೆ ಎರಡು ಮಂಜಿನ ತುಂಡುಗಳನ್ನು ಒಂದಕ್ಕೊಂದು ತಾಗಿಸಿ ಹಿಡಿದರು. ಅವು ಅಂಟಿಕೊಂಡವು. ಒತ್ತಡವೇ ಇಲ್ಲದೆ ಮಂಜಿನ ಮೇಲ್ಮೈಯಲ್ಲಿ ನೀರಿನಂಥ ತೆಳುಪದರವೊಂದು ಸದಾ ಇರುತ್ತದೆ, ಎರಡು ತುಂಡುಗಳ ನಡುವೆ ಸಿಕ್ಕಿದಾಗ ಅದು ಹೆಪ್ಪುಗಟ್ಟುತ್ತದೆ ಎಂದು ಅವರು ವಾದಿಸಿದರು. ಆ ಕಾಲಕ್ಕೆ ಅದು ಹೆಚ್ಚು ಜನರ ತಲೆಗೆ ಹೋಗಲಿಲ್ಲ. 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬಿಬ್ಬರು ಸ್ವಿಟ್ಜರ್‌ಲೆಂಡಿನ ಯುಂಗ್‌ಫ್ರೌಯೋಕ್‌ನ ಹಿಮಗುಹೆಯಲ್ಲಿ ಪ್ರಯೋಗ ನಡೆಸಿ, ಉಜ್ಜುವಾಗ ಹುಟ್ಟುವ ಶಾಖವೇ ಗಡ್ಡೆಯನ್ನು ಕರಗಿಸುತ್ತದೆ ಎಂದರು. ವೇಗವಾಗಿ ಜಾರುವವರ ಮಟ್ಟಿಗೆ ಅದು ಸರಿ. ಸುಮ್ಮನೆ ನಿಂತವನು ಕಾಲೆತ್ತಿದ ಕೂಡಲೇ ಬೀಳುತ್ತಾನಲ್ಲ, ಅವನನ್ನು ಬೀಳಿಸಿದ ಶಾಖ ಯಾವುದು?

2018ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮತ್ತು ಮೈಂಜ್‌ನ ಸಂಶೋಧಕರು ಉಕ್ಕಿನ ಗುಂಡೊಂದನ್ನು ಮಂಜಿನ ಮೇಲೆ ಎಳೆದು, ಸೊನ್ನೆಯಿಂದ ಮೈನಸ್ 100 ಡಿಗ್ರಿಯವರೆಗೆ ಘರ್ಷಣೆಯನ್ನು ಅಳೆದರು. ನನಗೆ ಬಲು ಇಷ್ಟವಾದ ಪ್ರಯೋಗ ಇದು. ಗಡ್ಡೆಯ ಒಳಗಿರುವ ಪ್ರತಿಯೊಂದು ನೀರಿನ ಅಣುವೂ ಸುತ್ತಲಿನ ನಾಲ್ಕು ಅಣುಗಳ ಕೈ ಹಿಡಿದಿರುತ್ತದೆ. ಮೇಲ್ಮೈಯಲ್ಲಿರುವ ಅಣುವಿಗೆ ಮೇಲೆ ನೆರೆಯವರೇ ಇಲ್ಲ. ಕೆಲವಕ್ಕೆ ಮೂರು ಕೈ, ಕೆಲವಕ್ಕೆ ಎರಡೇ ಕೈ. ಎರಡೇ ಕೈಯವು ನಿಂತಲ್ಲಿ ನಿಲ್ಲುವುದಿಲ್ಲ, ನುಣುಪು ನೆಲದ ಮೇಲೆ ಚೆಲ್ಲಿದ ಗೋಲಿಗಳಂತೆ ಉರುಳಾಡುತ್ತವೆ. ಗೋಲಿಗಳ ಮೇಲೆ ಕಾಲಿಟ್ಟವನ ಗತಿಯೇ ಟೈರಿನದ್ದೂ. ಚಳಿ ವಿಪರೀತವಾದಂತೆ ಈ ಗೋಲಿಗಳು ಒಂದೊಂದಾಗಿ ನೆಲಕ್ಕೆ ಕಚ್ಚಿಕೊಳ್ಳುತ್ತವೆ. ಮೈನಸ್ 100ರಲ್ಲಿ ಮಂಜುಗಡ್ಡೆ ಜಾರುವುದನ್ನೇ ಮರೆತುಬಿಡುತ್ತದೆ. ಅತಿ ಹೆಚ್ಚು ಜಾರುವುದು ಸುಮಾರು ಮೈನಸ್ 7 ಡಿಗ್ರಿಯಲ್ಲಿ. ಅಲ್ಲಿಂದ ಸೊನ್ನೆಯತ್ತ ಬಂದರೆ ಮತ್ತೆ ಘರ್ಷಣೆ ಏರುತ್ತದೆ. ಗಡ್ಡೆ ಮೆದುವಾಗಿ, ಉಕ್ಕಿನ ಗುಂಡು ಅದರಲ್ಲಿ ಹೂತು, ಉಳುತ್ತಾ ಸಾಗುವುದೇ ಅದಕ್ಕೆ ಕಾರಣ.

ಈ 'ಉಳುವುದು' ಎಂಬ ಮಾತನ್ನು ಹಿಡಿದುಕೊಳ್ಳಿ. ಸರಪಳಿಯ ಗುಟ್ಟೆಲ್ಲ ಅದರಲ್ಲಿದೆ.

ಲೆಕ್ಕ ಹಾಕೋಣ. ಸವಾರನೂ ಸೇರಿ ಎಟಿವಿಯ ತೂಕ 400 ಕಿಲೋ ಎಂದುಕೊಂಡರೆ ಚಕ್ರಕ್ಕೆ 100 ಕಿಲೋ. ಎಟಿವಿ ಟೈರಿನಲ್ಲಿ ಗಾಳಿಯ ಒತ್ತಡ ತೀರಾ ಕಡಿಮೆ, ಸುಮಾರು 5 ಪಿಎಸ್‌ಐ (ಚದರ ಅಂಗುಲಕ್ಕೆ 5 ಪೌಂಡ್). ಹಾಗಾಗಿ ಅದು ನೆಲಕ್ಕೆ ಒತ್ತುವುದು ಪ್ರತಿ ಚದರ ಸೆಂಟಿಮೀಟರಿಗೆ ಹೆಚ್ಚು ಕಡಿಮೆ 350 ಗ್ರಾಂ ಭಾರದಷ್ಟು. ಅಂಗೈಯನ್ನು ಮೇಜಿನ ಮೇಲೆ ಊರಿ ಮೈಭಾರ ಬಿಟ್ಟಂತೆ, ಅಷ್ಟೇ. ಇದೇ 100 ಕಿಲೋ, ಎಲ್ಲ ಕೊಂಡಿಗಳೂ ಸೇರಿ ಎರಡು ಚದರ ಸೆಂಟಿಮೀಟರ್ ಜಾಗದ ಮೇಲೆ ಬಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ 50 ಕಿಲೋ ಆಯಿತು, ನೂರು ಪಟ್ಟಿಗೂ ಹೆಚ್ಚು. ಇಷ್ಟು ಒತ್ತಡದಿಂದ ಕರಗುವ ಬಿಂದು ಇಳಿಯುವುದು 0.4 ಡಿಗ್ರಿಯಷ್ಟು ಮಾತ್ರ. ಕರಗಿಸುವ ವಿಷಯದಲ್ಲಿ ಅದು ಏನೇನೂ ಅಲ್ಲ. ಆದರೆ ಗಡ್ಡೆಯ ಮೇಲ್ಮೈಯನ್ನು ಪುಡಿಗುಟ್ಟುವ ಅಳತೆಗೆ ಹತ್ತಿರ ಬಂದಿದ್ದೇವೆ. ಕೊಂಡಿಯ ಅಂಚು ಚೂಪಾಗಿದ್ದರೆ ಮುಗಿದೇಹೋಯಿತು.

ಅಂಗೈ ಊರಿದರೆ ಜಾರುತ್ತದೆ, ಉಗುರು ಊರಿದರೆ ಗೀರು ಬೀಳುತ್ತದೆ. ಬಡಗಿಯ ಉಳಿ ಮರದ ಮೇಲೆ ಜಾರುವುದಿಲ್ಲ, ಒಳಗಿಳಿಯುತ್ತದೆ; ನೇಗಿಲ ಗುಳ ಮಣ್ಣಿಗಿಳಿದ ಮೇಲೆ ಎತ್ತುಗಳು ತಿಣುಕಬೇಕಾಗುತ್ತದೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಹಲ್ಲುಚಕ್ರವನ್ನು ನೆನಪಿಸಿಕೊಳ್ಳಿ. ಎರಡು ನುಣುಪು ಚಕ್ರಗಳನ್ನು ಒತ್ತಿ ಹಿಡಿದು ತಿರುಗಿಸಿದರೆ ಒಂದರ ಮೇಲೊಂದು ಜಾರುತ್ತದೆ. ಹಲ್ಲು ಕೊರೆದ ಮೇಲೆ ಹಲ್ಲೇ ಮುರಿಯಬೇಕೇ ಹೊರತು ಜಾರುವ ಮಾತಿಲ್ಲ. ಸರಪಳಿಯ ಕೊಂಡಿ ಮಂಜಿನಲ್ಲಿ ಒಂದು ಗುಳಿ ಮಾಡಿಕೊಂಡು ಅದರಲ್ಲಿ ಕೂರುತ್ತದೆ. ಅಂದರೆ ನೆಲಕ್ಕೇ ಹಲ್ಲು ಕೊರೆದು, ಆ ಹಲ್ಲಿಗೆ ತನ್ನ ಹಲ್ಲನ್ನು ಕೂಡಿಸುತ್ತದೆ. ಈಗ ಟೈರು ಜಾರಬೇಕಾದರೆ ಗುಳಿಯ ಗೋಡೆ ಒಡೆಯಬೇಕು. ಮೇಲೆ ಉರುಳಾಡುವ ಗೋಲಿಗಳು ಏನಾದರೂ ಮಾಡಿಕೊಳ್ಳಲಿ, ಕೊಂಡಿ ಅವುಗಳ ಕೆಳಗೆ ಇಳಿದಾಗಿದೆ. ಸರಪಳಿ ಕಟ್ಟಿದ ಬಂಡಿ ಹಾದುಹೋದ ಗಾಜಿನಂಥ ಗಡ್ಡೆಯ ಮೇಲೆ ಬಗ್ಗಿ ನೋಡಿದರೆ ಅಡ್ಡಡ್ಡ ಬಿಳಿ ಗೀರುಗಳು, ಅವುಗಳ ಅಂಚಿಗೆ ಸೀಮೆಸುಣ್ಣದ ಹುಡಿಯಂಥ ಮಂಜಿನ ಪುಡಿ ಕಾಣುತ್ತದೆ. ಸರಪಳಿ ಘರ್ಷಣೆಯನ್ನು ಹೆಚ್ಚಿಸಿತು ಎನ್ನುವುದಕ್ಕಿಂತ, ಘರ್ಷಣೆಯ ಹಂಗನ್ನೇ ತೊರೆದು ನೆಲವನ್ನು ಕಡಿದು ಮುಂದೆ ಹೋಯಿತು ಎನ್ನುವುದು ಸರಿ.

ಕುದುರೆ ಸಾಕುತ್ತಿದ್ದವರಿಗೆ ಇದು ಗೊತ್ತಿತ್ತು. ಚಳಿನಾಡುಗಳಲ್ಲಿ ಮಂಜುಗಾಲ ಬಂದಾಗ ಲಾಳಕ್ಕೆ ತಲೆ ಚೂಪಾದ ಮೊಳೆಗಳನ್ನು ಹೊಡೆಯುತ್ತಿದ್ದರು. ಮೋಟಾರು ಬಂದಾಗ ರಬ್ಬರಿಗೆ ಮೊಳೆ ಹೊಡೆಯುವಂತಿರಲಿಲ್ಲ. ಅಮೆರಿಕದಲ್ಲಿ ಚಾಲಕರು ಟೈರಿಗೆ ಹಗ್ಗ, ಬಳ್ಳಿಗಳನ್ನು ಸುತ್ತಿಕೊಂಡು ಹೋಗುವುದನ್ನು ಕಂಡು ನ್ಯೂಯಾರ್ಕ್ ರಾಜ್ಯದ ಕನಸ್ಟೋಟಾದ ಹ್ಯಾರಿ ವೀಡ್ ಎಂಬಾತನಿಗೆ ಸರಪಳಿಯ ಆಲೋಚನೆ ಹೊಳೆಯಿತಂತೆ. ಆತನಿಗೆ ಪೇಟೆಂಟ್ ಸಿಕ್ಕಿದ್ದು 1904ರ ಆಗಸ್ಟ್ 23ರಂದು, ಕಡುಬೇಸಿಗೆಯಲ್ಲಿ. ಎರಡು ಪಕ್ಕದ ಸರಪಳಿಗಳು, ಅವುಗಳ ನಡುವೆ ಏಣಿಯ ಮೆಟ್ಟಿಲುಗಳಂತೆ ಅಡ್ಡ ಸರಪಳಿಗಳು: ಇವತ್ತಿಗೂ ಏಣಿ ಮಾದರಿಯ ಸರಪಳಿ ಅದೇ.

ಆದರೆ ಕಾರಿಗೆ ಒಪ್ಪುವುದು ಎಟಿವಿಗೆ ಹಾಗೆಯೇ ಒಪ್ಪುವುದಿಲ್ಲ. ಇದಕ್ಕೆ ಎಟಿವಿಯ ಹುಟ್ಟೇ ಕಾರಣ. 1970ರಲ್ಲಿ ಹೋಂಡಾ ಮಾರುಕಟ್ಟೆಗೆ ತಂದ ಮೂರು ಚಕ್ರದ ಬಂಡಿಗೆ ಸಸ್ಪೆನ್ಷನ್ ಇರಲಿಲ್ಲ. ಬಲೂನಿನಂಥ ಟೈರುಗಳೇ ಸ್ಪ್ರಿಂಗು. ಮೂರು ಚಕ್ರದವು ಸುಲಭವಾಗಿ ಮಗುಚಿಕೊಳ್ಳುತ್ತಿದ್ದುದರಿಂದ 1988ರಲ್ಲಿ ಅಮೆರಿಕದಲ್ಲಿ ಅವುಗಳ ಮಾರಾಟ ನಿಂತಿತು. ಅಷ್ಟರಲ್ಲಿ ಸುಜುಕಿ ನಾಲ್ಕು ಚಕ್ರದ್ದನ್ನು ತಂದಾಗಿತ್ತು. ಮೂರು ಚಕ್ರ ನಾಲ್ಕಾಯಿತು, ಸಸ್ಪೆನ್ಷನ್ ಬಂತು, ಮೆತ್ತನೆಯ ಟೈರು ಮಾತ್ರ ಹಾಗೇ ಉಳಿಯಿತು. ಮೆತ್ತನೆಯ ಟೈರಿಗೆ ಸರಪಳಿ ಕಟ್ಟಿದರೆ ಏನಾಗುತ್ತದೆ? ಕೊಂಡಿ ನೆಲಕ್ಕೆ ಇಳಿಯುವ ಬದಲು ರಬ್ಬರಿನೊಳಗೆ ಇಳಿಯುತ್ತದೆ. ಕೊಂಡಿಗಳ ನಡುವಿನ ರಬ್ಬರು ಉಬ್ಬಿ ನೆಲ ಮುಟ್ಟಿ, ಭಾರದಲ್ಲಿ ತನ್ನ ಪಾಲನ್ನು ತಾನೇ ಹೊತ್ತುಕೊಳ್ಳುತ್ತದೆ. ಸರಪಳಿ ಭಾರವನ್ನು ಒಂದೆಡೆ ಕೂಡಿಸುತ್ತದೆ, ಟೈರು ಹಂಚುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಾನು ಮೇಲೆ ಹಾಕಿದ ಲೆಕ್ಕ ಈ ಕಾರಣಕ್ಕೇ ತುಸು ಉದಾರವಾದದ್ದು. ಸಾಲದ್ದಕ್ಕೆ ಎಟಿವಿ ಟೈರಿನ ಗುಬಟುಗಳು ದಪ್ಪ, ನಡುವಿನ ಕಾಲುವೆಗಳು ಆಳ. ಅಡ್ಡ ಸರಪಳಿ ಸರಿದು ಆ ಕಾಲುವೆಯೊಳಗೆ ಬಿದ್ದರೆ ಇದ್ದೂ ಇಲ್ಲದಂತೆ.

ಹಾಗಾಗಿ ಎಟಿವಿಗೆ ಅಡ್ಡ ಸರಪಳಿಗಳು ಹತ್ತಿರ ಹತ್ತಿರ ಇರುವುದನ್ನು ಆರಿಸಬೇಕು. ಪಕ್ಕದ ಸರಪಳಿಯ ನಾಲ್ಕು ಕೊಂಡಿಗೊಂದರ ಬದಲು ಎರಡು ಕೊಂಡಿಗೊಂದು. ಗಟ್ಟಿ ಮಂಜಿಗಾದರೆ ಕೊಂಡಿಯ ಮೇಲೆ 'ವಿ' ಆಕಾರದ ಉಕ್ಕಿನ ತುಂಡನ್ನು ಬೆಸುಗೆ ಹಾಕಿದ ವಿ-ಬಾರ್ ಸರಪಳಿ ಲೇಸು; ಭಾರದ ಪಾಲು ಕಡಿಮೆಯಾದರೂ ಚೂಪು ಅಂಚು ಕಚ್ಚುತ್ತದೆ. ಏಣಿ ಮಾದರಿ ಹಿಂದೆ ಮುಂದೆ ಚೆನ್ನಾಗಿ ಹಿಡಿಯುತ್ತದೆ, ಪಕ್ಕಕ್ಕೆ ಜಾರುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಹೆಣೆದ ಬಲೆಯಂತಿರುವ ವಜ್ರ ಮಾದರಿ ಎರಡಕ್ಕೂ ಆಗುತ್ತದೆ.

ಸರಪಳಿ ಕಟ್ಟುವಾಗ ಎಲ್ಲರೂ ಎಡವುವ ಒಂದು ಜಾಗವಿದೆ. ಬೆಚ್ಚಗಿನ ಶೆಡ್ಡಿನಲ್ಲಿ, 20 ಡಿಗ್ರಿಯಲ್ಲಿ, 5 ಪಿಎಸ್‌ಐ ಗಾಳಿ ತುಂಬಿ, ಸರಪಳಿಯನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ಚಕ್ರವನ್ನು ಉರುಳಿಸಿ, ಮೊದಲು ಒಳಬದಿಯ ಕೊಕ್ಕೆ, ಆಮೇಲೆ ಹೊರಬದಿಯದ್ದು ಸಿಕ್ಕಿಸಿ, ರಬ್ಬರ್ ಬಿಗಿಪಟ್ಟಿಯನ್ನು ಎಳೆದು ಕಟ್ಟಿದಿರಿ. ಬೆರಳೂ ತೂರದಷ್ಟು ಬಿಗಿ. ಹೊರಗೆ ಮೈನಸ್ 20. ಗೇಜು ತೋರಿಸುವ 5ರ ಕೆಳಗೆ ವಾತಾವರಣದ 14.7 ಅಡಗಿದೆ, ಒಟ್ಟು 19.7. ನಿರಪೇಕ್ಷ ಮಾನದಲ್ಲಿ (ಕೆಲ್ವಿನ್‌ನಲ್ಲಿ) 293 ಇದ್ದ ತಾಪ 253ಕ್ಕೆ ಇಳಿದಾಗ ಈ ಒಟ್ಟು ಒತ್ತಡ 17ಕ್ಕೆ ಇಳಿಯುತ್ತದೆ. ವಾತಾವರಣದ ಪಾಲು ಕಳೆಯಿರಿ: ಗೇಜಿನಲ್ಲಿ ಉಳಿದದ್ದು 2.3. ಅರ್ಧಕ್ಕೂ ಹೆಚ್ಚು ಹೋಯಿತು, ಟೈರಿಗೆ ತೂತು ಬಿದ್ದಿಲ್ಲ! ಕಾರಿನ ಟೈರಿನಲ್ಲಿ 30 ಇರುವುದರಿಂದ ಇಂಥ ಕುಸಿತ ಕಣ್ಣಿಗೆ ಬೀಳುವುದಿಲ್ಲ. ಸೊರಗಿದ ಟೈರಿನ ಮೇಲೆ ಸರಪಳಿ ಸಡಿಲವಾಗಿ, ತಿರುಗುವಾಗ ಹೊರಕ್ಕೆ ಎರಚಿಕೊಂಡು ಮಡ್‌ಗಾರ್ಡಿಗೆ ಟಕ್ ಟಕ್ ಎಂದು ಬಡಿಯುತ್ತದೆ. ಆ ಸದ್ದು ಬಂದರೆ ನಿಲ್ಲಿಸಲೇಬೇಕು. ಮುಂದಿನ ಪೆಟ್ಟು ಬ್ರೇಕಿನ ಕೊಳವೆಗೆ ಬೀಳಬಹುದು. ಹೊರಗಿನ ಚಳಿಯಲ್ಲೇ ಗಾಳಿ ನೋಡಿ, ನೂರು ಮೀಟರ್ ಓಡಿಸಿ, ಇಳಿದು ಮತ್ತೊಮ್ಮೆ ಬಿಗಿಯಬೇಕು. ಮುಂದಿನ ಚಕ್ರಕ್ಕೂ ಕಟ್ಟಿದ್ದರೆ ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಎಲ್ಲಾದರೂ ಸರಪಳಿ ತಾಗುತ್ತದೆಯೇ ಎಂದು ಬಗ್ಗಿ ನೋಡಬೇಕು.

ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುತ್ತದೆ, ನನಗೆ ಸರಪಳಿ ಏಕೆ ಎನ್ನುವವರಿದ್ದಾರೆ. ಈ ನಂಬಿಕೆ ತಾಯಿತದಷ್ಟೇ ಉಪಯೋಗದ್ದು. ಹೊರಡುವಾಗ ನಾಲ್ಕು ಚಕ್ರದ ಬಲ ನೆರವಾಗುತ್ತದೆ, ನಿಲ್ಲುವಾಗ ನೆಲದ ಹಿಡಿತವೊಂದೇ ಗತಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವ ಬಂಡಿ, ಘರ್ಷಣಾಂಕ (ನೆಲದ ಹಿಡಿತದ ಅಳತೆ) 0.7 ಇರುವ ಒಣ ರಸ್ತೆಯಲ್ಲಿ 5 ಮೀಟರಿನಲ್ಲಿ ನಿಲ್ಲಬಲ್ಲದು, 0.1 ಇರುವ ಮಂಜಿನ ಮೇಲೆ 35 ಮೀಟರ್ ಬೇಕು. ಹಿಂದೆ ಮರಳಿನ ಮೂಟೆ ಹೇರಿದರೆ ಬೇಗ ನಿಲ್ಲುತ್ತದೆ ಎಂಬ ಇನ್ನೊಂದು ಮಾತೂ ಕೇಳಿಬರುತ್ತದೆ. ಭಾರ ಹೆಚ್ಚಿದಷ್ಟೇ ಹಿಡಿತ ಹೆಚ್ಚುತ್ತದೆ, ನಿಲ್ಲಿಸಬೇಕಾದ ಮೊತ್ತವೂ ಅಷ್ಟೇ ಹೆಚ್ಚುತ್ತದೆ. ದೂರ ಅಲ್ಲಿಗಲ್ಲಿಗೆ.

ಒಂದೇ ಜೊತೆ ಸರಪಳಿ ಇದ್ದರೆ ಹಿಂದಕ್ಕೆ ಕಟ್ಟುವುದು ಕ್ಷೇಮ. ಮುಂದಕ್ಕೆ ಮಾತ್ರ ಕಟ್ಟಿ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಮುಂಭಾಗ ಕಚ್ಚಿಕೊಳ್ಳುತ್ತದೆ, ಹಿಂಭಾಗ ಬೀಸಿಕೊಂಡು ಮುಂದೆ ಬರುತ್ತದೆ. ಹಿಂದಕ್ಕೆ ಮಾತ್ರ ಕಟ್ಟಿದರೂ ತಂಟೆ ತಪ್ಪಿದ್ದಲ್ಲ: ಹ್ಯಾಂಡಲ್ ತಿರುಗಿಸಿದರೂ ಬಂಡಿ ನೆಟ್ಟಗೆ ಹೋಗಲು ನೋಡುತ್ತದೆ. ಅನೇಕ ಎಟಿವಿಗಳಲ್ಲಿ ಹಿಂದಿನ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್ ಮೇಲೆ ಒಟ್ಟಿಗೆ ತಿರುಗುವುದರಿಂದ ಈ ಹಟ ಇನ್ನೂ ಜಾಸ್ತಿ. ನಿಧಾನವೊಂದೇ ಮದ್ದು.

ಗಟ್ಟಿ ಗಡ್ಡೆಯಲ್ಲದ, ಆಕಾಶದಿಂದ ಉದುರಿದ ಹಿಮದ ವಿಷಯ ಬೇರೆ. ಒದ್ದೆ ಹಿಮ ಟೈರಿನ ಕಾಲುವೆಗಳನ್ನು ತುಂಬಿ ಅದನ್ನು ನುಣ್ಣನೆಯ ಉರುಳೆಯನ್ನಾಗಿ ಮಾಡಿಬಿಡುತ್ತದೆ. ಸರಪಳಿ ಟೈರಿನ ಮೇಲೆ ಸ್ವಲ್ಪ ಸ್ವಲ್ಪವೇ ಸರಿದಾಡುತ್ತಾ ಆ ಹಿಮವನ್ನು ಉದುರಿಸುತ್ತದೆ. ಆದರೆ ಆಳವಾದ ಹುಡಿಹಿಮದಲ್ಲಿ ಅಗೆಯುವ ಗುಣವೇ ಮುಳುವು. ಮೆತ್ತನೆಯ ಟೈರು ಒಂಟೆಯ ಪಾದದಂತೆ ತೇಲಿ ಹೋಗುವಲ್ಲಿ, ಸರಪಳಿ ಕಟ್ಟಿದ ಚಕ್ರ ಗಿರ್ರನೆ ತಿರುಗಿದರೆ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ, ಬಂಡಿಯ ಹೊಟ್ಟೆ ಹಿಮದ ಮೇಲೆ ಕೂರುವವರೆಗೆ. ಬರಿಯ ಬಂಡೆಯ ಮೇಲೆ ಹತ್ತಿದಿರೋ, ಉಕ್ಕು ಕಲ್ಲಿನ ಮೇಲೆ ಜಾರುತ್ತದೆ, ಕೊಂಡಿಗಳು ಸವೆಯುತ್ತವೆ.

ಇನ್ನು ಹೆಪ್ಪುಗಟ್ಟಿದ ಕೆರೆ. ಸರಪಳಿ ಕಟ್ಟಿದ ಧೈರ್ಯದಲ್ಲಿ ಜನ ಅದರ ಮೇಲೆ ಇಳಿಯುತ್ತಾರೆ. ಜಾರುವುದೂ ಒಡೆಯುವುದೂ ಬೇರೆ ಬೇರೆ ಲೆಕ್ಕ. ಕೊಂಡಿಯ ಅಡಿಯ ಒತ್ತಡ ನೂರು ಪಟ್ಟಾದರೂ ಗಡ್ಡೆಯ ಹಲಗೆ ಹೊರುವುದು ಅದೇ 400 ಕಿಲೋ. ಅದು ಬಾಗುವುದು ಒಟ್ಟು ಭಾರಕ್ಕೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಸೂಚನೆಯ ಪ್ರಕಾರ ಸಣ್ಣ ಎಟಿವಿಗೆ ಹೊಸದಾಗಿ ಕಟ್ಟಿದ ತಿಳಿ ಮಂಜು 5ರಿಂದ 7 ಅಂಗುಲ ದಪ್ಪ ಇರಬೇಕು. ಗಾಳಿಗುಳ್ಳೆ ತುಂಬಿದ ಬಿಳಿ ಮಂಜಾದರೆ ಅದರ ಎರಡರಷ್ಟು. ಅಳೆಯಲು ಬೈರಿಗೆಯಿಂದ ತೂತು ಕೊರೆದು, ಕೊಕ್ಕೆಯಿರುವ ಅಳತೆಪಟ್ಟಿಯನ್ನು ಇಳಿಬಿಟ್ಟು, ಗಡ್ಡೆಯ ಅಡಿಯ ಅಂಚಿಗೆ ತಾಗಿಸಿ ಓದಬೇಕು. ದಡದ ಹತ್ತಿರ ಒಂದು ಕಡೆ ನೋಡಿದರೆ ಸಾಲದು, ಮುಂದೆ ಮುಂದೆ ಹೋದಂತೆ ಮತ್ತೆ ಮತ್ತೆ ಕೊರೆಯಬೇಕು, ಬಂಡಿಯನ್ನು ದಡದಲ್ಲೇ ಬಿಟ್ಟು.