ದರ ಕೇಳಿದ ಮೇಲೆ ಕೆಲಸ ಬರುವುದು ನಿಂತರೆ: ಮಿಸ್ಟರಿ ಶಾಪರ್‌ಗಳ ಕಾನೂನು ಸ್ಥಿತಿ

ಕಳೆದ ವರ್ಷ ಅರಸೀಕೆರೆ ಕಡೆಯ ಮಹಿಳೆಯೊಬ್ಬರು ನನ್ನ ವಕೀಲಿ ಕಚೇರಿಗೆ ಬಂದಿದ್ದರು. ತಮ್ಮನ್ನು ಕೆಲಸದಿಂದ ತೆಗೆದಿದ್ದಾರೆ, ನೋಟಿಸ್ ಕೊಡಬೇಕು ಎಂಬುದು ಅವರ ಕೋರಿಕೆ. ತೆಗೆದ ಆದೇಶ ಎಲ್ಲಿದೆ ಎಂದು ಕೇಳಿದೆ. ಅವರು ಫೋನಿನಲ್ಲಿ ಒಂದು ಆ್ಯಪ್ ತೆರೆದು ಮೇಜಿನ ಮೇಲಿಟ್ಟರು. ‘ನಿಮ್ಮ ಪ್ರದೇಶದಲ್ಲಿ ಸದ್ಯ ಯಾವುದೇ ಕೆಲಸ ಲಭ್ಯವಿಲ್ಲ’ ಎಂಬ ಸಾಲು ಅಲ್ಲಿ ಮೂರು ತಿಂಗಳಿಂದ ಹಾಗೆಯೇ ನಿಂತಿತ್ತು. ಅದಕ್ಕೂ ಮೊದಲು ಎರಡು ವರ್ಷ, ಗ್ರಾಹಕರಂತೆ ಅಂಗಡಿಗೆ ಹೋಗಿ ವರದಿ ಕೊಡುವ ವಿಸಿಟ್‌ಗಳು ತಿಂಗಳಿಗೆ ಎಂಟು ಹತ್ತು ತಪ್ಪದೆ ಬರುತ್ತಿದ್ದವು. ನಡುವೆ ನಡೆದದ್ದು ಇಷ್ಟೆ: ಕಾರು ಶೋರೂಮಿನ ವಿಸಿಟ್‌ಗೆ ಕೊಡುತ್ತಿದ್ದ 350 ರೂಪಾಯಿಯನ್ನು 600ಕ್ಕೆ ಏರಿಸಿ ಎಂದು ಅವರು ಏಜೆನ್ಸಿಯ ಕೋಆರ್ಡಿನೇಟರ್‌ಗೆ ವಾಟ್ಸ್‌ಆ್ಯಪ್ ಮಾಡಿದ್ದರು. ‘ಮೇಲಿನವರನ್ನು ಕೇಳಿ ಹೇಳ್ತೀನಿ ಮೇಡಂ’ ಎಂಬ ಉತ್ತರ ಬಂದಿತ್ತು. ಅಲ್ಲಿಂದಾಚೆಗೆ ಉತ್ತರವೂ ಇಲ್ಲ, ಕೆಲಸವೂ ಇಲ್ಲ.

ಮಿಸ್ಟರಿ ಶಾಪರ್ ಎಂದರೆ ಸಾಮಾನ್ಯ ಗ್ರಾಹಕರ ಹಾಗೆ ಬ್ಯಾಂಕಿಗೋ, ಪೆಟ್ರೋಲ್ ಬಂಕಿಗೋ, ಒಡವೆ ಅಂಗಡಿಗೋ ಹೋಗಿ, ಅಲ್ಲಿನ ಸಿಬ್ಬಂದಿ ಹೇಗೆ ನಡೆದುಕೊಂಡರು, ಏನು ಹೇಳಿದರು, ಏನನ್ನು ಹೇಳದೆ ಬಿಟ್ಟರು ಎಂಬುದನ್ನೆಲ್ಲ ನೆನಪಿಟ್ಟುಕೊಂಡು ಬಂದು ವರದಿ ಕೊಡುವವರು. ನಮ್ಮ ಕಥೆಗಳ ದೊರೆಗಳು ಮಾರುವೇಷದಲ್ಲಿ ಊರು ಸುತ್ತಿ ಮಾಡುತ್ತಿದ್ದದ್ದೂ ಇದನ್ನೇ, ಆದರೆ ದೊರೆಗೆ ತನ್ನ ಸಂಬಳದ ಚಿಂತೆ ಇರಲಿಲ್ಲ. ಈಗ ಕಂಪನಿಯು ಸಂಶೋಧನಾ ಏಜೆನ್ಸಿಯೊಂದಕ್ಕೆ ಇಷ್ಟು ಶಾಖೆಗಳಿಗೆ ಇಷ್ಟು ವಿಸಿಟ್ ಎಂದು ಗುತ್ತಿಗೆ ಕೊಡುತ್ತದೆ, ಏಜೆನ್ಸಿ ಆ ವಿಸಿಟ್‌ಗಳನ್ನು ಒಂದೊಂದಾಗಿ ಊರೂರಿನ ಶಾಪರ್‌ಗಳಿಗೆ ಹಂಚುತ್ತದೆ. ಕಂಪನಿ ಏಜೆನ್ಸಿಗೆ ಕೊಡುವ ದರ ಶಾಪರ್‌ಗೆ ತಿಳಿಯುವುದಿಲ್ಲ, ಶಾಪರ್‌ಗೆ ಸಿಗುವ ದರ ಕಂಪನಿಗೂ ಬಹುಪಾಲು ತಿಳಿದಿರುವುದಿಲ್ಲ.

ಆ 350 ರೂಪಾಯಿಯನ್ನು ನಾವಿಬ್ಬರೂ ಕಾಗದದ ಮೇಲೆ ಬಿಡಿಸಿ ನೋಡಿದೆವು. ಹಾಸನಕ್ಕೆ ಹೋಗಿ ಬರಲು, ಬಸ್ಸಿಗೆ ಕಾಯುವುದೂ ಸೇರಿ, ಎರಡೂವರೆ ಗಂಟೆ. ಶೋರೂಮಿನಲ್ಲಿ ಟೆಸ್ಟ್ ಡ್ರೈವ್ ಮುಗಿಸಿ, ಸಾಲದ ಕಂತಿನ ಲೆಕ್ಕ ಕೇಳಿಸಿಕೊಂಡು ಹೊರಬರಲು ಒಂದೂಕಾಲು ಗಂಟೆ. ವರದಿಯ ಪ್ರಶ್ನೆಗಳಿಗೆ ಉತ್ತರ ತುಂಬಲು ಒಂದೂವರೆ ಗಂಟೆ. ಮರುದಿನ ಏಜೆನ್ಸಿಯ ಎಡಿಟರ್ ಕೇಳುವ ತಿದ್ದುಪಡಿಗಳಿಗೆ ಮುಕ್ಕಾಲು ಗಂಟೆ. ಒಟ್ಟು ಆರು ಗಂಟೆ, ಗಂಟೆಗೆ 58 ರೂಪಾಯಿ. ಪ್ರಯಾಣದ ಖರ್ಚನ್ನಾದರೂ ಬೇರೆ ಕೊಡಿ ಎಂದು ಅವರು ಒಮ್ಮೆ ಕೇಳಿದ್ದಕ್ಕೆ ಕೋಆರ್ಡಿನೇಟರ್ ಕೊಟ್ಟ ಉತ್ತರವನ್ನು ನಾನು ಮರೆತಿಲ್ಲ: ‘ನಿಮಗೆ ಬಸ್ಸು ಫ್ರೀ ಅಲ್ವಾ ಮೇಡಂ?’ 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಉಚಿತ ಟಿಕೆಟ್ಟು ಮಹಿಳೆಯ ಕೈಯಲ್ಲಿ ನಾಲ್ಕು ಕಾಸು ಉಳಿಯಲೆಂದು ಕೊಟ್ಟದ್ದು, ಖಾಸಗಿ ಏಜೆನ್ಸಿಯೊಂದು ಅದನ್ನು ತನ್ನ ಉಳಿತಾಯದ ಬಾಬತ್ತಿಗೆ ಸೇರಿಸಿಕೊಂಡಿತ್ತು.

ಇಷ್ಟಾದರೂ ನಾನು ಅವರಿಗೆ ಹೇಳಬೇಕಾಗಿ ಬಂದದ್ದು ಕಹಿಯಾದ ಮಾತು. ಕಾನೂನಿನ ಕಣ್ಣಿನಲ್ಲಿ ಅವರನ್ನು ಯಾರೂ ಕೆಲಸದಿಂದ ತೆಗೆದಿಲ್ಲ, ಏಕೆಂದರೆ ಯಾರೂ ಅವರನ್ನು ಕೆಲಸಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಆ್ಯಪ್‌ನಲ್ಲಿ ನೋಂದಾಯಿಸುವಾಗ ಒಪ್ಪಿಗೆಯೆಂದು ಒತ್ತಿದ ಕರಾರಿನಲ್ಲಿ ಮೂರು ಮಾತುಗಳಿದ್ದವು. ನೀವು ಸ್ವತಂತ್ರ ಗುತ್ತಿಗೆದಾರರು, ಕೆಲಸ ಕೊಡಲೇಬೇಕೆಂಬ ಬಾಧ್ಯತೆ ನಮಗಿಲ್ಲ, ಕಾರಣ ನೀಡದೆ ಯಾವಾಗ ಬೇಕಾದರೂ ಈ ಒಪ್ಪಂದವನ್ನು ಮುಗಿಸಬಹುದು. ಈ ವ್ಯವಸ್ಥೆಯಲ್ಲಿ ಪ್ರತಿಯೊಂದು ವಿಸಿಟ್ ಕೂಡ ಪ್ರತ್ಯೇಕ ಒಪ್ಪಂದ. ನಿನ್ನೆಯ ವಿಸಿಟ್‌ನ ಹಣವನ್ನು ಕೊಡದಿದ್ದರೆ ಒಪ್ಪಂದದ ಉಲ್ಲಂಘನೆಯಾಗುತ್ತದೆ, ನಾಳೆಯ ವಿಸಿಟ್ ಕೊಡದಿದ್ದರೆ ಏನೂ ಆಗುವುದಿಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ, ಇನ್ನೊಬ್ಬರೊಡನೆ ಹೊಸ ಕರಾರು ಮಾಡಿಕೊಳ್ಳದೇ ಇರುವುದು ತಪ್ಪಲ್ಲ. ಈ ವೃತ್ತಿಯಲ್ಲಿ ಶಿಕ್ಷೆ ಎಂಬುದು ಏನನ್ನೂ ಮಾಡದೇ ಇರುವ ರೂಪದಲ್ಲಿ ಬರುವುದರಿಂದ ಅದನ್ನು ನ್ಯಾಯಾಲಯದ ಮುಂದೆ ಹಿಡಿದು ತೋರಿಸುವುದು ಕಷ್ಟ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಕರಾರಿನಲ್ಲಿ ಏನೆಂದು ಕರೆದಿದ್ದಾರೆ ಎಂಬುದರಿಂದಲೇ ಒಬ್ಬರು ಕಾರ್ಮಿಕರೋ ಗುತ್ತಿಗೆದಾರರೋ ಎಂಬುದು ತೀರ್ಮಾನವಾಗುವುದಿಲ್ಲ. 1956ರ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಪ್ರಕರಣದಲ್ಲಿ ಉಪ್ಪಿನ ಗದ್ದೆಯಲ್ಲಿ ಉಪ್ಪು ತೆಗೆಯುವ ಅಗರಿಯಾಗಳು ತೂಕದ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದರು, ತಮ್ಮ ಸಹಾಯಕ್ಕೆ ಬೇರೆ ಆಳುಗಳನ್ನೂ ಇಟ್ಟುಕೊಳ್ಳಬಹುದಿತ್ತು. ಆದರೂ ಕೆಲಸದ ರೀತಿಯ ಮೇಲೆ ಮಾಲೀಕನ ಹತೋಟಿ ಇದ್ದುದರಿಂದ ಸುಪ್ರೀಂ ಕೋರ್ಟ್ ಅವರನ್ನು ಕಾರ್ಮಿಕರೆಂದೇ ಎಣಿಸಿತು. 1978ರ ಹುಸೇನ್‌ಭಾಯಿ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಾರ್ಮಿಕನ ಜೀವನೋಪಾಯದ ಮೇಲೆ ಯಾರ ಆರ್ಥಿಕ ಹಿಡಿತವಿದೆಯೋ, ಯಾರು ಉಸಿರು ಕಟ್ಟಿಸಿದರೆ ಅವನು ಕೆಲಸವಿಲ್ಲದೆ ಬೀಳುತ್ತಾನೋ, ಅವರೇ ನಿಜವಾದ ಮಾಲೀಕರು ಎಂಬುದು ಆ ತೀರ್ಪಿನ ತಿರುಳು. ಮಿಸ್ಟರಿ ಶಾಪರ್‌ಗೆ ಯಾವ ಬಟ್ಟೆ ತೊಡಬೇಕು, ಎಷ್ಟು ಹೊತ್ತಿಗೆ ಹೋಗಬೇಕು, ಯಾವ ಪ್ರಶ್ನೆಯನ್ನು ಯಾವ ಕ್ರಮದಲ್ಲಿ ಕೇಳಬೇಕು ಎಂಬುದನ್ನೂ ಮಾರ್ಗಸೂಚಿ ಹೇಳಿಕೊಡುತ್ತದೆ, ಹಾಗಾಗಿ ಹತೋಟಿಯ ಮಟ್ಟಿಗೆ ವಾದಿಸಲು ಸಾಕಷ್ಟು ಸಾಮಗ್ರಿ ಇದೆ. ಆದರೆ ಹೆಚ್ಚಿನ ಶಾಪರ್‌ಗಳು ನಾಲ್ಕೈದು ಏಜೆನ್ಸಿಗಳಿಗೆ ಬಿಡುವಿನಲ್ಲಿ ದುಡಿಯುವವರು. ಅರಸೀಕೆರೆಯವರೂ ಮೂಲತಃ ಟ್ಯೂಷನ್ ಮಾಡಿಕೊಂಡಿದ್ದವರು. ಒಂದೇ ಏಜೆನ್ಸಿಗೆ ತಿಂಗಳ ಹೆಚ್ಚಿನ ದಿನಗಳನ್ನು ಕೊಟ್ಟು ಅದರಿಂದಲೇ ಮನೆ ನಡೆಸುತ್ತಿದ್ದವರು ಬಂದರೆ ಮಾತ್ರ ನಾನು ಈ ವಾದವನ್ನು ಕೈಗೆತ್ತಿಕೊಂಡೇನು.

ಹಾಗಾದರೆ ಆ್ಯಪ್ ಮೂಲಕ ಬಿಡಿ ಕೆಲಸ ಮಾಡುವ ಗಿಗ್ ಕಾರ್ಮಿಕರಿಗೆ ಹೊಸ ಕಾನೂನು ಬಂದಿದೆಯಲ್ಲ ಎಂದು ಈಚೆಗೆ ಹಲವರು ಕೇಳುತ್ತಾರೆ. ಕರ್ನಾಟಕದಲ್ಲಿ 2025ರಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ, ಬಳಿಕ ಶಾಸನವಾಗಿ ಬಂದ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ತಾಕುವ ಅಂಶವೊಂದಿದೆ. ಲಿಖಿತ ಕಾರಣ ಕೊಡದೆ, 14 ದಿನಗಳ ಮುನ್ಸೂಚನೆ ಇಲ್ಲದೆ ಗಿಗ್ ಕಾರ್ಮಿಕರನ್ನು ಕೈಬಿಡುವಂತಿಲ್ಲ ಎಂಬುದೇ ಅದು. ಆದರೆ ಕಾಯ್ದೆ ಅನ್ವಯಿಸುವುದು ಅದರ ಅನುಸೂಚಿಯಲ್ಲಿ ಹೇಳಿದ ಸೇವೆಗಳಿಗೆ: ಸವಾರಿ, ಆಹಾರ ಮತ್ತು ದಿನಸಿ ವಿತರಣೆ, ಸರಕು ಸಾಗಣೆ, ಇ-ಮಾರುಕಟ್ಟೆ, ವೃತ್ತಿಪರ ಸೇವೆ, ಆರೋಗ್ಯ ಮುಂತಾದವು. ಮಿಸ್ಟರಿ ಶಾಪಿಂಗ್ ಅಲ್ಲಿ ಹೆಸರು ಹಿಡಿದು ಇಲ್ಲ. ಆ್ಯಪ್ ಮೂಲಕವೇ ಕೆಲಸ ಹಂಚಿ, ಅಂಕ ಕೊಟ್ಟು, ಅಂಕದ ಮೇಲೆ ಮುಂದಿನ ಕೆಲಸ ನಿರ್ಧರಿಸುವ ಏಜೆನ್ಸಿಯನ್ನು ವೃತ್ತಿಪರ ಸೇವೆಯ ಬಾಗಿಲಿನಿಂದ ಒಳಗೆ ತರಬಹುದೆಂದು ನನಗನ್ನಿಸುತ್ತದೆ, ಆದರೆ ಇದು ವಾದವೇ ಹೊರತು ಇತ್ಯರ್ಥವಾದ ಸಂಗತಿಯಲ್ಲ. ಕೋಆರ್ಡಿನೇಟರ್ ಫೋನಿನಲ್ಲಿ ಕರೆದು ಕೆಲಸ ಹೇಳುವ ಹಳೆಯ ಪದ್ಧತಿಯ ಏಜೆನ್ಸಿಗೆ ಆ ವಾದವೂ ನಿಲ್ಲದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಗಿಗ್ ಕಾರ್ಮಿಕರ ವ್ಯಾಖ್ಯೆ ವಿಶಾಲವಾಗಿದೆ, ಆದರೆ ಅದರ ಗುರಿ ವಿಮೆ, ಪಿಂಚಣಿಗಳಂಥ ಭದ್ರತೆ. ದರದ ಚೌಕಾಸಿ ಅದರ ವ್ಯಾಪ್ತಿಗೆ ಬರುವುದಿಲ್ಲ.

ನಮ್ಮ ಏಜೆನ್ಸಿಗಳ ಕರಾರು ಪತ್ರಗಳಲ್ಲಿ ಅನೇಕವು ಅಮೆರಿಕದ ನಮೂನೆಯಿಂದ ಇಳಿಸಿಕೊಂಡವು, ಕೆಲವದರಲ್ಲಿ ಅಲ್ಲಿನ ತೆರಿಗೆ ಫಾರ್ಮಿನ ಹೆಸರು ಕೂಡ ಅಳಿಸದೆ ಉಳಿದಿರುತ್ತದೆ. ಆದ್ದರಿಂದ ಅಲ್ಲಿನ ಸ್ಥಿತಿಯನ್ನು ತಿಳಿದಿರುವುದು ಒಳ್ಳೆಯದು. ಅಲ್ಲಿ 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧ ಕಾಯ್ದೆಯು ಸಂಬಳದ ಬಗ್ಗೆ ಒಟ್ಟಾಗಿ ಮಾತನಾಡುವ ನೌಕರರಿಗೆ ರಕ್ಷಣೆ ಕೊಟ್ಟಿದೆ, 1947ರ ತಿದ್ದುಪಡಿ ಸ್ವತಂತ್ರ ಗುತ್ತಿಗೆದಾರರನ್ನು ಆ ರಕ್ಷಣೆಯಿಂದ ಹೊರಗಿಟ್ಟಿದೆ. ಗುತ್ತಿಗೆದಾರರು ಒಟ್ಟಾಗಿ ದರ ನಿಗದಿ ಮಾಡಿಕೊಂಡರೆ ಅದು ವ್ಯಾಪಾರಿಗಳ ಕೂಟವೆನಿಸುತ್ತದೆ. 1983ರಲ್ಲಿ ವಾಷಿಂಗ್‌ಟನ್ ನಗರದಲ್ಲಿ ಬಡ ಆರೋಪಿಗಳ ಪರ ವಾದಿಸುತ್ತಿದ್ದ ವಕೀಲರು, ನ್ಯಾಯಾಲಯದಲ್ಲಿ ಗಂಟೆಗೆ 30 ಡಾಲರ್, ಹೊರಗಿನ ಕೆಲಸಕ್ಕೆ 20 ಡಾಲರ್ ಎಂದಿದ್ದ ದರವನ್ನು ಹೆಚ್ಚಿಸುವವರೆಗೂ ಹೊಸ ಪ್ರಕರಣ ಹಿಡಿಯುವುದಿಲ್ಲವೆಂದು ಕೂತರು. ದರ 35 ಡಾಲರ್ ಆಯಿತು. ಆದರೆ 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಬಹಿಷ್ಕಾರವನ್ನು ಬೆಲೆ ನಿಗದಿಯ ಕಾನೂನುಬಾಹಿರ ಕೃತ್ಯವೆಂದು ಘೋಷಿಸಿತು. ವಕೀಲರಿಗೇ ಹೀಗಾದ ಮೇಲೆ ಶಾಪರ್‌ಗಳ ಪಾಡನ್ನು ಊಹಿಸಬಹುದು. ಅಲ್ಲಿ ಇದಕ್ಕೆ ಅರ್ಧ ಪರಿಹಾರ ಬಂದದ್ದು ಬೇರೆ ದಿಕ್ಕಿನಿಂದ. ನ್ಯೂಯಾರ್ಕ್ ನಗರದಲ್ಲಿ 2017ರಿಂದ ಜಾರಿಯಲ್ಲಿರುವ ಸ್ವತಂತ್ರ ವೃತ್ತಿನಿರತರ ಕಾನೂನು, ತನ್ನಡಿಯ ಹಕ್ಕನ್ನು ಕೇಳಿದವರಿಗೆ ಮುಂದಿನ ಕೆಲಸದ ಅವಕಾಶ ನಿರಾಕರಿಸುವುದನ್ನೂ ಸೇಡಿನ ಕ್ರಮವೆಂದು ಗುರುತಿಸುತ್ತದೆ. ಕೆಲಸ ಕೊಡದೇ ಇರುವುದೂ ಒಂದು ಕೃತ್ಯ ಎಂದು ಕಾನೂನು ಒಪ್ಪಿಕೊಂಡ ಇಂಥ ಉದಾಹರಣೆ ಅಪರೂಪ. ಆದರೆ ಆ ಹಕ್ಕು ಲಿಖಿತ ಕರಾರು ಮತ್ತು ಸಕಾಲಿಕ ಪಾವತಿಯದು. ಹೆಚ್ಚು ದರ ಕೇಳುವುದು ಅಲ್ಲಿಯೂ ಸಂರಕ್ಷಿತ ಹಕ್ಕಲ್ಲ.

ನಮ್ಮಲ್ಲೂ 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಮು ಬೆಲೆ ನಿಗದಿಯ ಒಪ್ಪಂದಗಳನ್ನು ನಿಷೇಧಿಸುತ್ತದೆ. ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ಇಪ್ಪತ್ತು ಮಂದಿ ಶಾಪರ್‌ಗಳು ‘500ಕ್ಕಿಂತ ಕಡಿಮೆಗೆ ಯಾರೂ ಹೋಗಬೇಡಿ’ ಎಂದು ಬರೆದುಕೊಂಡರೆ ಸ್ಪರ್ಧಾ ಆಯೋಗ ಅವರ ಮನೆಬಾಗಿಲಿಗೆ ಬಂದೀತೆಂದು ನಾನು ಹೆದರಿಸುವುದಿಲ್ಲ. ನಿಜವಾದ ಅಪಾಯ ಇರುವುದು ಆ ಗುಂಪಿನೊಳಗೇ, ಏಕೆಂದರೆ ಅದರಲ್ಲಿ ಏಜೆನ್ಸಿಯ ಕಡೆಯವರು ಒಬ್ಬರಾದರೂ ಇರುತ್ತಾರೆ. ಗ್ರಾಹಕ ಕಂಪನಿಯ ಹೆಸರನ್ನೋ ದರವನ್ನೋ ಅಲ್ಲಿ ಬರೆದರೆ ಗೋಪ್ಯತೆಯ ಷರತ್ತು ಮುರಿದಂತಾಗಿ, ಅಲ್ಲಿಯವರೆಗೆ ಕಾರಣವೇ ಇಲ್ಲದೆ ಕೈಬಿಡಬೇಕಿದ್ದ ಏಜೆನ್ಸಿಗೆ ನಾವೇ ಒಂದು ಕಾರಣವನ್ನು ಒದಗಿಸಿಕೊಟ್ಟ ಹಾಗಾಗುತ್ತದೆ.

ಏಜೆನ್ಸಿಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿದರೆ ದರವನ್ನು ಯಾವಾಗ, ಹೇಗೆ ಕೇಳಬೇಕೆಂಬುದು ತಾನಾಗಿ ಹೊಳೆಯುತ್ತದೆ. ಕೋಆರ್ಡಿನೇಟರ್ ಎಂಬವರು ಸಾಮಾನ್ಯವಾಗಿ ಕಾಲೇಜು ಮುಗಿಸಿ ಎರಡು ಮೂರು ವರ್ಷವಾದ ಹುಡುಗ ಹುಡುಗಿಯರು. ತಿಂಗಳ ಕೊನೆಯೊಳಗೆ ಮುಗಿಯಬೇಕಾದ ನೂರಾರು ವಿಸಿಟ್‌ಗಳ ಪಟ್ಟಿ ಅವರ ಮುಂದಿರುತ್ತದೆ. ಎಲ್ಲ ವಿಸಿಟ್‌ಗಳಿಗೂ ದರ ಏರಿಸಿ ಎಂದು ಕೇಳಿದವರನ್ನು ಅವರು ‘ಕಿರಿಕಿರಿ’ ಎಂದು ಪಕ್ಕಕ್ಕಿಡುತ್ತಾರೆ, ಸಿಟ್ಟಿನಿಂದಲ್ಲ, ಒಪ್ಪಿಕೊಳ್ಳುವ ಅಧಿಕಾರ ತಮಗಿಲ್ಲದ ಕಾರಣ. ಆದರೆ ಇಪ್ಪತ್ತೈದನೆಯ ತಾರೀಕಿನಂದು ಯಾರೂ ಹೋಗಲೊಪ್ಪದ ಒಂದು ಊರಿನ ಒಂದು ವಿಸಿಟ್‌ಗೆ ಹೆಚ್ಚುವರಿ ಹಣ ಕೊಡುವ ಅವಕಾಶ ಅವರಿಗೆ ಬಹುಪಾಲು ಇರುತ್ತದೆ. ಹಾಗಾಗಿ ನನ್ನ ಬಳಿ ಬರುವವರಿಗೆ ಹೇಳುವುದು ಹೀಗೆ. ವಿಸಿಟ್ ಒಪ್ಪಿಕೊಳ್ಳುವ ಮೊದಲೇ ಆ ಒಂದು ವಿಸಿಟ್‌ನ ಮಟ್ಟಿಗೆ ಕೇಳಿ. ಬಸ್ಸು, ಆಟೋ, ಗಂಟೆಗಳ ಲೆಕ್ಕವನ್ನು ಎರಡು ಸಾಲಿನಲ್ಲಿ ಬರೆಯಿರಿ. ಬೇರೆಯವರಿಗೆ ಎಷ್ಟು ಕೊಡುತ್ತೀರಿ ಎಂಬ ಮಾತನ್ನು ತರಬೇಡಿ. ಒಪ್ಪಿಕೊಂಡ ಮೇಲೆ ದರಕ್ಕಾಗಿ ನಿಲ್ಲಿಸಿದರೆ ಕರಾರು ಮುರಿದವರು ನೀವೇ ಆಗುತ್ತೀರಿ, ನಿಮ್ಮ ಅಂಕವೂ ಇಳಿಯುತ್ತದೆ.

ಕಂಪನಿಗಳು ಕಿವಿಗೊಡುವ ವಾದ ಒಂದೇ. ಗಂಟೆಗೆ 58 ರೂಪಾಯಿ ಕೊಟ್ಟರೆ, ಶೋರೂಮಿನ ಮುಂದೆ ಫೋಟೊ ತೆಗೆದು, ಮನೆಯಲ್ಲಿ ಕೂತು ವರದಿ ಹೆಣೆಯುವವರೇ ಕೊನೆಗೆ ಉಳಿಯುತ್ತಾರೆ. ಬಿಲ್ಲು, ಸ್ಥಳ ಸಮಯ ಮುದ್ರಿತವಾದ ಫೋಟೊ, ಧ್ವನಿಮುದ್ರಣ ಎಂದು ಪುರಾವೆಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿರುವುದಕ್ಕೆ ಇದೂ ಒಂದು ಕಾರಣ. ಪುರಾವೆ ಹೆಚ್ಚಿದಷ್ಟೂ ಶಾಪರ್‌ನ ಗಂಟೆಗಳು ಹೆಚ್ಚುತ್ತವೆ, ದರ ಮಾತ್ರ ಅಲ್ಲೇ ಇರುತ್ತದೆ.

ಕೈಬಿಟ್ಟರು ಎಂಬುದು ಖಚಿತವಾದ ಮೇಲೆ ಮಾಡಬೇಕಾದ ಮೊದಲ ಕೆಲಸ ಹಳೆಯ ಬಾಕಿಯನ್ನು ವಸೂಲು ಮಾಡುವುದು, ಇಲ್ಲಿ ಕಾನೂನು ನಿಮ್ಮ ಪಕ್ಕದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಸ್ವಂತ ಹೆಸರಿನಲ್ಲಿ ಸೇವೆ ಒದಗಿಸುವ ವ್ಯಕ್ತಿಯೂ ಸೂಕ್ಷ್ಮ ಉದ್ಯಮವೆಂದು ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಆಧಾರ್ ಮತ್ತು ಪ್ಯಾನ್ ಬಳಸಿ, ಶುಲ್ಕವಿಲ್ಲದೆ ನೋಂದಾಯಿಸಿಕೊಳ್ಳಬಹುದು. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಅಂಥವರಿಗೆ ಕೊಡಬೇಕಾದ ಹಣವನ್ನು ಕರಾರು ಏನೇ ಹೇಳಿದರೂ 45 ದಿನಗಳಿಗಿಂತ ಆಚೆ ತಳ್ಳುವಂತಿಲ್ಲ. ತಳ್ಳಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಕೆಲವು ಏಜೆನ್ಸಿಗಳ ಕರಾರಿನಲ್ಲಿ ‘ಕ್ಲೈಂಟ್ ಪಾವತಿಸಿದ ಬಳಿಕ’ ಎಂದಿರುತ್ತದೆ, ಆ ಸಾಲು ಇಲ್ಲಿ ನಡೆಯುವುದಿಲ್ಲ. 2024-25ರ ತೆರಿಗೆ ನಿರ್ಧಾರಣಾ ವರ್ಷದಿಂದ, ಗಡುವಿನೊಳಗೆ ಕೊಡದ ಇಂಥ ಮೊತ್ತವನ್ನು ಅದನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಏಜೆನ್ಸಿ ಖರ್ಚಿನಲ್ಲಿ ತೋರಿಸಬಹುದು. ಹಾಗಾಗಿ ಕೋಆರ್ಡಿನೇಟರ್ ಕೇಳಿಸಿಕೊಳ್ಳದ ಮಾತನ್ನು ಲೆಕ್ಕಪತ್ರ ವಿಭಾಗದವರು ಕೇಳಿಸಿಕೊಳ್ಳುತ್ತಾರೆ. ನೋಂದಣಿ ಮಾತ್ರ ವಿಸಿಟ್ ಒಪ್ಪಿಕೊಳ್ಳುವ ಮುಂಚೆಯೇ ಆಗಿರಲಿ, ಜಗಳ ಶುರುವಾದ ಮೇಲೆ ಮಾಡಿಸಿದ ನೋಂದಣಿ ತಕರಾರಿಗೆ ಎಡೆಮಾಡುತ್ತದೆ.

ಅರಸೀಕೆರೆಯವರು ಹಿಂದಿನ ವರ್ಷವೇ, ಟ್ಯೂಷನ್‌ಗೆಂದು, ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದರು. ಮಾರುಕಟ್ಟೆ ಸಮೀಕ್ಷೆಯನ್ನೂ ಚಟುವಟಿಕೆಗಳ ಪಟ್ಟಿಯಲ್ಲಿ ಸೇರಿಸುವಂತೆ ಆಗ ಹೇಳಿದವನು ಅವರಿಗೆ ಅರ್ಜಿ ತುಂಬಿಕೊಟ್ಟ ಸೈಬರ್ ಸೆಂಟರ್‌ನ ಹುಡುಗನಂತೆ. ಹನ್ನೆರಡು ವಿಸಿಟ್‌ಗಳ 4,200 ರೂಪಾಯಿ ಬಾಕಿಗೆ ನಾವು ಒಂದು ಪುಟದ ಪತ್ರ ಕಳಿಸಿದೆವು, ಒಂಬತ್ತನೆಯ ದಿನ ಹಣ ಬಂತು. ಅದೇ ಪತ್ರದಲ್ಲಿ ತಮ್ಮ ಪ್ರೊಫೈಲ್ ಚಾಲ್ತಿಯಲ್ಲಿದೆಯೇ ಎಂದು ಕೇಳಿದ್ದ ಪ್ರಶ್ನೆಗೆ ಈವರೆಗೆ ಉತ್ತರ ಬಂದಿಲ್ಲ. ಅವರೀಗ ಬೇರೆ ಎರಡು ಏಜೆನ್ಸಿಗಳಿಗೆ ಕೆಲಸ ಮಾಡುತ್ತಾರೆ, ಹಾಸನಕ್ಕೆ ಹೋಗುವುದಾದರೆ ಒಂದೇ ದಿನಕ್ಕೆ ಎರಡು ವಿಸಿಟ್ ಸಿಗದೆ ಒಪ್ಪುವುದಿಲ್ಲ. ಕಾರು ಶೋರೂಮಿಗೆ ಈಗ ಸಿಗುತ್ತಿರುವುದು 450.