ಕಾಫಿ ದಲ್ಲಾಳಿಯ ಲೆಕ್ಕಕ್ಕೆ ಸಿಗದವರು

ಆಮ್‌ಸ್ಟರ್‌ಡ್ಯಾಮಿನ ಒಂದು ಕಾಲುವೆ ಪಕ್ಕ 37ನೇ ನಂಬರಿನ ಮನೆ. ಅಲ್ಲಿನ ಕಾಫಿ ದಲ್ಲಾಳಿ ತನ್ನ ವಿಳಾಸ ಹೇಳಿಕೊಳ್ಳುವುದರಿಂದ ಕಾದಂಬರಿ ಶುರುವಾಗುತ್ತದೆ. ಅವನ ಹೆಸರು ಡ್ರೋಗ್‌ಸ್ಟಾಪೆಲ್. ಡಚ್ಚಿನಲ್ಲಿ ಹಾಗೆಂದರೆ ಒಣ ಕೂಳೆ.

1860ರಲ್ಲಿ ಬಂದ 'ಮ್ಯಾಕ್ಸ್ ಹಾವೆಲಾರ್' ಇದು. ಕೆಲವರ ಪ್ರಕಾರ ವಸಾಹತುಶಾಹಿಯ ಬೇರು ಅಲುಗಿಸಿದ ಪುಸ್ತಕ. ಇನ್ನು ಕೆಲವರ ಪ್ರಕಾರ, ಆಳುವುದನ್ನೇ ಸ್ವಲ್ಪ ಚೊಕ್ಕವಾಗಿ ಆಳಿ ಅಂತ ದೊರೆಗೆ ಬರೆದ ಅರ್ಜಿ. ಯುರೋಪಿನಲ್ಲಿ ಕಾಫಿ ಪೊಟ್ಟಣದ ಮೇಲೂ ಈ ಹೆಸರು ಬಂತು. ಗೋಜಲು ಅಲ್ವಾ?

ದಲ್ಲಾಳಿಯ ಕಾಫಿ ಬರುತ್ತಿದ್ದದ್ದು ಡಚ್ಚರು ಆಳುತ್ತಿದ್ದ, ಈಗ ಇಂಡೋನೇಷ್ಯಾಕ್ಕೆ ಸೇರಿದ ಜಾವಾ ದ್ವೀಪದಿಂದ. ಅಲ್ಲಿಗೆ ಕಾಫಿ ಗಿಡ ಹೋದದ್ದು ನಮ್ಮ ಕಡೆಯಿಂದಲೇ. 1690ರ ದಶಕದಲ್ಲಿ ಡಚ್ಚರು ಮಲಬಾರ್ ಕರಾವಳಿಯಿಂದ ಸಸಿ ಒಯ್ದರು. ಮೊದಲನೆಯದು ನೆರೆಗೆ ಹೋಯಿತು, 1699ರದ್ದು ಹತ್ತಿತು. ಆಮೇಲಿನ ನೂರು ಚಿಲ್ಲರೆ ವರ್ಷಗಳಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಮುಳುಗಿತು, ಡಚ್ ಸರ್ಕಾರ ಬಂತು, ಯುದ್ಧ ಮಾಡಿ ಮಾಡಿ ಖಜಾನೆ ಬರಿದಾಯಿತು.

ಖಜಾನೆ ತುಂಬಲು 1830ರಲ್ಲಿ ಕಡ್ಡಾಯ ಬೇಸಾಯ ಬಂತು. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಹಳ್ಳಿಯವರು ಜಮೀನಿನ ಐದರಲ್ಲೊಂದು ಪಾಲಿನಲ್ಲಿ ಸರ್ಕಾರ ಹೇಳಿದ್ದನ್ನು ಬೆಳೆಯಬೇಕು, ಬದಲಿಗೆ ಕಂದಾಯ ಕೊಡಬೇಕಿಲ್ಲ. ಆದರೆ ಡಚ್ ಅಧಿಕಾರಿಗೂ ಸ್ಥಳೀಯ ಅರಸನಿಗೂ ಇಳುವರಿಯ ಮೇಲೆ ಕಮಿಷನ್ ಇತ್ತು. ಕಮಿಷನ್ ಇರುವ ಕಡೆ ಐದರಲ್ಲೊಂದು ಪಾಲು ಹಾಗೇ ಉಳಿದೀತೇ? 1849-50ರಲ್ಲಿ ಭತ್ತದ ನಾಡಾದ ಮಧ್ಯ ಜಾವಾದಲ್ಲಿ ಜನ ಹಸಿದು ಸತ್ತರು. 1850ರ ದಶಕದಲ್ಲಿ ನೆದರ್‌ಲ್ಯಾಂಡ್ಸ್ ಸರ್ಕಾರದ ವರಮಾನದಲ್ಲಿ ಸುಮಾರು ಮೂರನೇ ಒಂದು ಪಾಲು ಜಾವಾದಿಂದ ಬರುತ್ತಿತ್ತು.

1856ರ ಜನವರಿಯಲ್ಲಿ ಎಡ್ವರ್ಡ್ ಡೌವೆಸ್ ಡೆಕ್ಕರ್ ಪಶ್ಚಿಮ ಜಾವಾದ ಲೆಬಾಕ್‌ಗೆ ಅಧಿಕಾರಿಯಾಗಿ ಬಂದ. ಅಲ್ಲಿನ ಅರಸ ಜನರ ಎಮ್ಮೆಗಳನ್ನು ದುಡ್ಡು ಕೊಡದೆ ಹೊಡೆದುಕೊಂಡು ಹೋಗುತ್ತಾನೆ, ಬಿಟ್ಟಿ ದುಡಿಸುತ್ತಾನೆ ಅಂತ ದೂರು ಬರೆದ. ಮೇಲಿನವರಿಗೆ ಅವಸರವಿರಲಿಲ್ಲ. ಮೂರು ತಿಂಗಳು ಆಗುವಷ್ಟರಲ್ಲಿ ರಾಜೀನಾಮೆ ಕೊಟ್ಟ. 1859ರ ಶರತ್ಕಾಲದಲ್ಲಿ, ಕೈಯಲ್ಲಿ ಕಾಸಿಲ್ಲದೆ, ಬ್ರಸೆಲ್ಸ್‌ನ ವಸತಿಗೃಹವೊಂದರಲ್ಲಿ ಕೂತು ಕೆಲವೇ ವಾರಗಳಲ್ಲಿ ಕಾದಂಬರಿ ಬರೆದ. ಇಟ್ಟುಕೊಂಡ ಹೆಸರು ಮುಲ್ಟಾಟುಲಿ. ಲ್ಯಾಟಿನ್‌ನಲ್ಲಿ 'ತುಂಬಾ ಅನುಭವಿಸಿದ್ದೇನೆ' ಅಂತ.

ಪುಸ್ತಕದ ಚಮತ್ಕಾರ ಇರುವುದು ದಲ್ಲಾಳಿಯಲ್ಲಿ. ಅವನು ಕ್ರೂರಿಯಲ್ಲ. ಚರ್ಚಿಗೆ ಹೋಗುತ್ತಾನೆ, ಸುಳ್ಳು ಕಂಡರೆ ಆಗದು, ಕವಿತೆಯೆಲ್ಲ ಸುಳ್ಳು ಅಂತ ಬೈಯುತ್ತಾನೆ. ಹಳೇ ಸಹಪಾಠಿಯೊಬ್ಬ ಕೊಟ್ಟ ಕಾಗದದ ಕಟ್ಟಿನಲ್ಲಿ ಕಾಫಿ ವಿಷಯ ಕಂಡು, ವ್ಯಾಪಾರಕ್ಕೆ ಉಪಯೋಗವಾಗುವ ಪುಸ್ತಕ ಬರೆಸಲು ಹೊರಡುತ್ತಾನೆ. ಬರೆಯುವ ಹುಡುಗ ಕಾಫಿ ಬಿಟ್ಟು ಲೆಬಾಕ್‌ನ ಅಧಿಕಾರಿ ಹಾವೆಲಾರ್‌ನ, ಅಂದರೆ ಲೇಖಕನದೇ, ಕಥೆ ಹೇಳತೊಡಗುತ್ತಾನೆ. ದಲ್ಲಾಳಿಗೆ ಕಿರಿಕಿರಿ. ಜಾವಾದವರ ಮೇಲೆ ಅವನಿಗೆ ದ್ವೇಷವೇನೂ ಇಲ್ಲ, ಅವರು ಅವನ ಕಣ್ಣಿಗೇ ಬೀಳುವುದಿಲ್ಲ ಅಷ್ಟೆ. ನಮ್ಮ ತೋಟಗಳಲ್ಲೂ 'ಇವತ್ತು ಎಷ್ಟು ಆಳು?' ಅಂತ ಕೇಳುತ್ತಾರೆ, ಯಾರ್ಯಾರು ಬಂದರು ಅಂತ ಕೇಳುವುದು ಕಡಿಮೆ.

ನಡುವೆ ಸೈಜಾ ಮತ್ತು ಆದಿಂದಾ ಬರುತ್ತಾರೆ. ಸೈಜಾನ ಅಪ್ಪನ ಎಮ್ಮೆಯನ್ನು ಎಳೆದೊಯ್ಯುತ್ತಾರೆ. ಅಪ್ಪ ಮನೆತನದ ಕಠಾರಿ ಮಾರಿ ಇನ್ನೊಂದು ತರುತ್ತಾನೆ, ಅದೂ ಹೋಗುತ್ತದೆ. ಹುಡುಗ ಮದುವೆಗೆ ದುಡಿಯಲು ಬಟಾವಿಯಾಕ್ಕೆ, ಅಂದರೆ ಈಗಿನ ಜಕಾರ್ತಾಕ್ಕೆ, ಹೊರಡುತ್ತಾನೆ. ಹುಡುಗಿ ತಿಂಗಳಿಗೊಂದರಂತೆ ಭತ್ತ ಕುಟ್ಟುವ ಮರದ ಮೇಲೆ ಗೀರು ಹಾಕುತ್ತಾಳೆ. ಅವನು ಮರಳಿದಾಗ ಅವಳಿಲ್ಲ. ಹುಡುಕಿಕೊಂಡು ಹೋದವನಿಗೆ ಸಿಗುವುದು ಸೈನಿಕರು ಕೊಂದುಹಾಕಿದ ಅವಳ ದೇಹ. ನನ್ನ ಕೇಳಿದರೆ ಕಾದಂಬರಿಯಲ್ಲಿ ಉಳಿಯುವುದು ಆ ಗೀರುಗಳೇ. ದಲ್ಲಾಳಿಯ ಲೆಕ್ಕದ ಪುಸ್ತಕದ ಎದುರು ಅವಳದ್ದೂ ಒಂದು ಲೆಕ್ಕ. ಕೊನೆಗೆ ಲೇಖಕನೇ ಪೆನ್ನು ಕಿತ್ತುಕೊಂಡು, ಕಾಫಿಯಲ್ಲೇ ಉಸಿರುಗಟ್ಟಿ ತೊಲಗು ಅಂತ ದಲ್ಲಾಳಿಯನ್ನು ಅಟ್ಟುತ್ತಾನೆ.

ಪ್ರಕಟಣೆಗೆ ನೆರವಾದವರು ಊರ ಹೆಸರು, ಇಸವಿಗಳನ್ನು ಅಳಿಸಿ ಚುಕ್ಕಿ ಇಟ್ಟರು. ಅವು ಮರಳಿ ಬರಲು 1875 ಆಗಬೇಕಾಯಿತು. ಆದರೂ ಪುಸ್ತಕ ದೇಶವನ್ನು ನಡುಗಿಸಿದೆ ಅಂತ ಪಾರ್ಲಿಮೆಂಟಿನಲ್ಲೇ ಮಾತಾಯಿತು.

ಜಗಳ ಶುರುವಾದದ್ದು ಆಮೇಲೆ. ದೂರು ಇದ್ದದ್ದು ಸ್ಥಳೀಯ ಅರಸನ ಮೇಲೆ, ಹಾಗಾದರೆ ಡಚ್ ಆಳ್ವಿಕೆ ಸರಿಯೇ ಅನ್ನುವುದು ಒಂದು ಪ್ರಶ್ನೆ. ಮುಲ್ಟಾಟುಲಿ ಡಚ್ಚರು ಹೊರಡಲಿ ಅಂತ ಕೇಳಿರಲಿಲ್ಲ, ಇದು ನಿಜ. ಖಾಸಗಿ ತೋಟಕ್ಕೆ ಬಾಗಿಲು ತೆರೆಯಬೇಕು ಅಂದವರೂ ಇದೇ ಪುಸ್ತಕವನ್ನು ಎತ್ತಿ ತೋರಿಸಿದರು. 1870ರ ಭೂ ಕಾನೂನಿನಿಂದ ಬಾಗಿಲು ತೆರೆಯಿತು. ಹತ್ತೇ ವರ್ಷದಲ್ಲಿ, ಕರಾರು ಮುರಿದ ಕೂಲಿಗೆ ಶಿಕ್ಷೆ ಕೊಡುವ ಕಾನೂನು ಸುಮಾತ್ರಾದ ತಂಬಾಕು ತೋಟಗಳಿಗೆ ಬಂತು. ಲಾಭ ಸರ್ಕಾರದ ಕೈಯಿಂದ ಕಂಪನಿಗಳ ಕೈಗೆ ಹೋಗಿತ್ತು, ಅಷ್ಟೆ.

ಆದರೆ ಪುಸ್ತಕ ಬರೆದವನು ಹೇಳಿದಷ್ಟಕ್ಕೇ ನಿಲ್ಲುವುದಿಲ್ಲ. 1999ರಲ್ಲಿ ಇಂಡೋನೇಷ್ಯಾದ ಲೇಖಕ ಪ್ರಮೋದ್ಯ ಅನಂತ ತೂರ್ ಇದನ್ನು ವಸಾಹತುಶಾಹಿಯನ್ನು ಕೊಂದ ಪುಸ್ತಕ ಅಂತ ಕರೆದರು. ಅದೇ ಇಂಡೋನೇಷ್ಯಾದ ಸರ್ಕಾರ ಇದರ ಸಿನಿಮಾವನ್ನು ವರ್ಷಗಟ್ಟಲೆ ತಡೆಹಿಡಿದಿತ್ತು. 1988ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಮೆಕ್ಸಿಕೋದ ಸಣ್ಣ ರೈತರ ಕಾಫಿಗೆ ನ್ಯಾಯದ ಬೆಲೆಯ ಮುದ್ರೆ ಬಂದಾಗ, ಅದಕ್ಕೆ ಇಟ್ಟದ್ದು ಹಾವೆಲಾರ್‌ನ ಹೆಸರು. ದಲ್ಲಾಳಿ ಬದುಕಿದ್ದರೆ ಅದನ್ನೂ ಮಾರುತ್ತಿದ್ದನೇನೋ.

ಲೆಬಾಕ್‌ನ ರಂಗ್‌ಕಸ್‌ಬಿಟುಂಗ್ ಊರಿನಲ್ಲಿ 2018ರಲ್ಲಿ ಮುಲ್ಟಾಟುಲಿ ಮ್ಯೂಸಿಯಂ ತೆರೆಯಿತು. ಅಂಗಳದಲ್ಲಿ ಅವನ ಪ್ರತಿಮೆಯಿದೆ. ಜೊತೆಗೆ ಸೈಜಾ ಇದ್ದಾನೆ, ಆದಿಂದಾ ಇದ್ದಾಳೆ.