ಜೇಕು ಕಿತ್ತಷ್ಟೂ ಹೆಚ್ಚುವುದೇಕೆ?

ಮಳೆಗಾಲ ಶುರುವಾದರೆ ಕೈತೋಟ ಮಾಡುವವರಿಂದ ನನಗೆ ಬರುವ ದೂರು ಹೆಚ್ಚುಕಡಿಮೆ ಒಂದೇ. ‘ಭಾನುವಾರ ಇಡೀ ಕೂತು ಕಿತ್ತೆ ಸಾರ್, ವಾರದೊಳಗೆ ಮತ್ತೆ ಎದ್ದಿದೆ.’ ಹೋಗಿ ನೋಡಿದರೆ ಸಾಮಾನ್ಯವಾಗಿ ಅದು ಜೇಕು. ತುಂಗೆ, ಕೊನ್ನಾರಿ ಗಡ್ಡೆ ಅಂತಲೂ ಕರೆಯುತ್ತಾರೆ. ಹೂವಿನ ದಂಟನ್ನು ಬೆರಳಲ್ಲಿ ಹೊರಳಿಸಿ, ಮೂರು ಮೂಲೆ ಕೈಗೆ ಸಿಗುತ್ತದೆ.

ಮಣ್ಣೊಳಗೆ ಇದರ ಗಡ್ಡೆಗಳು ಮಣಿಸರದ ಹಾಗೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಒಂದು ಚಿಗುರಿದ್ದರೆ ಉಳಿದವು ಸುಮ್ನೆ ಮಲಗಿರುತ್ತವೆ. ಎಲೆ ಹಿಡಿದು ಜಗ್ಗಿದಿರೋ, ಸರ ಹರಿಯಿತು. ಮಲಗಿದ್ದವೂ ಎದ್ದವು! ತಪ್ಪು ಕಿತ್ತದ್ದರಲ್ಲಿಲ್ಲ, ಗಡ್ಡೆ ಬಿಟ್ಟು ಕಿತ್ತದ್ದರಲ್ಲಿದೆ.

ಹೆಚ್ಚಿನ ಗಡ್ಡೆಗಳು ಮೇಲಿನ 6 ಇಂಚು ಮಣ್ಣಿನಲ್ಲೇ ಇರುತ್ತವೆ. ಬೇಸಿಗೆಯಲ್ಲಿ ಆ ಜಾಗಕ್ಕೆ ನೀರು ಹಾಕುವುದನ್ನು ನಿಲ್ಲಿಸಿ, ಗುದ್ದಲಿಯಿಂದ ಅಗೆದು, ಹೆಂಟೆ ಹೊರಳಿಸಿ ಬಿಸಿಲಿಗೆ ಬಿಡಿ. ವಾರ ಕಳೆದು ಮತ್ತೊಮ್ಮೆ ಹೊರಳಿಸಿ. ಗಡ್ಡೆ ಒಣಗಿದರೆ ಸಾಯುತ್ತದೆ. ಆರಿಸಿದ ಗಡ್ಡೆಗಳನ್ನು ಮಾತ್ರ ಗೊಬ್ಬರದ ಗುಂಡಿಗೆ ಹಾಕಬೇಡಿ, ಅಲ್ಲೇ ಸಂಸಾರ ಹೂಡುತ್ತವೆ. ಮಳೆ ಬಿದ್ದ ಮೇಲೆ ಏಳುವ ಚಿಗುರಿಗೆ ಐದಾರು ಎಲೆ ಬರುವ ಮೊದಲೇ ಕೈಹಾಕಬೇಕು. ಆಮೇಲೆ ಹೊಸ ಗಡ್ಡೆ ಕಟ್ಟತೊಡಗುತ್ತದೆ.

ಜೇಕಿಗೆ ನೆರಳು ಆಗುವುದಿಲ್ಲ. ಅಲಸಂದೆ, ಸಿಹಿಗೆಣಸು, ಕುಂಬಳದ ಬಳ್ಳಿ ದಟ್ಟವಾಗಿ ಹಬ್ಬಿದ ಮಡಿಯಲ್ಲಿ ಅದು ಸೊರಗುತ್ತದೆ. ತರಗೆಲೆಯ ಹೊದಿಕೆ ಇಲ್ಲಿ ಅಷ್ಟು ಕೆಲಸಕ್ಕೆ ಬಾರದು, ಪ್ಲಾಸ್ಟಿಕ್ ಹಾಳೆಯನ್ನೇ ತೂತು ಮಾಡಿ ಮೇಲೆ ಬರುವ ಗಿಡ ಇದು. ಬೀಜದಿಂದ ಹುಟ್ಟುವ ಸಣ್ಣ ಕಳೆಗಳಿಗೆ 3 ಇಂಚು ತರಗೆಲೆ ಸಾಕು. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲು, ಮಣ್ಣು ಹಸಿಯಿದ್ದಾಗ, ಕೈಗೆ ಗವಸು ಹಾಕಿಕೊಂಡು ಬೇರುಸಮೇತ ಕೀಳಿ.

ಉಪ್ಪುನೀರು ಸುರಿಯುವ ಸಲಹೆ ನಿಮಗೂ ಬಂದಿರಬೇಕು, ಅಲ್ವಾ? ಬೇಡ. ಉಪ್ಪು ಮಣ್ಣಲ್ಲೇ ಉಳಿದು ನಿಮ್ಮ ಬದನೆ ಗಿಡವನ್ನೂ ಕೊಲ್ಲುತ್ತದೆ. ವಿನೆಗರ್ ಎಲೆ ಸುಡುತ್ತದೆ, ಗಡ್ಡೆಗೆ ತಾಗುವುದಿಲ್ಲ.

ಇಷ್ಟೆಲ್ಲ ಹೇಳುವ ನಾನೂ ಒಮ್ಮೆ ಒಂದು ಲೋಡು ಕೆಂಪು ಮಣ್ಣು ತರಿಸಿ, ಜೊತೆಗೆ ಜೇಕನ್ನೂ ದುಡ್ಡು ಕೊಟ್ಟು ಮನೆಗೆ ತಂದಿದ್ದೆ. ಈಗ ಮೊದಲು ಒಂದು ಬಕೆಟ್ ಮಣ್ಣು ತಂದು ಕುಂಡಕ್ಕೆ ತುಂಬುತ್ತೇನೆ. ಮೂರು ವಾರ ನೀರು ಹಾಕಿ, ಏನು ಹುಟ್ಟುತ್ತದೆ ನೋಡಿದ ಮೇಲೆಯೇ ಲಾರಿಗೆ ಫೋನ್.